ಪಂಕ್ತಿಯ ಎರಡು ತುದಿ

ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಚೆನ್ನೈ ರೈಲು ಹತ್ತಿದವನು ನಾನು. ಉಡುಪಿ ಕಡೆಯಿಂದ ಬಂದು ಇಲ್ಲಿ ಹೋಟೆಲು ಇಟ್ಟಿದ್ದ ಸೋದರಮಾವ ನನ್ನ ಕೈಗೆ ಮೊದಲು ಕೊಟ್ಟದ್ದು ಸಾಂಬಾರಿನ ಬಕೆಟ್. ಮದುವೆ ಊಟದ ಗುತ್ತಿಗೆ ಬಂದಾಗ ಬಡಿಸುವವರಿಗೆಲ್ಲ ಅವರು ಹೇಳುತ್ತಿದ್ದುದು ಒಂದೇ ಪಾಠ. ಉದ್ದದ ಪಂಕ್ತಿಗೆ ಎರಡೂ ತುದಿಯಿಂದ ಹೊರಡಬೇಕು. ಎದುರಾದಲ್ಲಿ ನಿಲ್ಲಬೇಕು, ಇಲ್ಲದಿದ್ದರೆ ಬಡಿಸಿದ ಎಲೆಗೇ ಮತ್ತೆ ಬಡಿಸಿದಂತಾಗುತ್ತದೆ. ಆದರೆ ಒಬ್ಬನ ಬಕೆಟ್ ನಡುದಾರಿಯಲ್ಲಿ ಖಾಲಿಯಾಯಿತೋ, ಇನ್ನೊಬ್ಬ ನಿಲ್ಲದೆ ಅವನ ಪಾಲಿನ ಎಲೆಗಳನ್ನೂ ಮುಗಿಸಬೇಕು.

ಆ ಬಕೆಟ್ ಇಳಿಸಿ, ಕಂಪ್ಯೂಟರುಗಳಿಗೆ ಕೇಬಲ್ ಎಳೆಯುವ ಕೆಲಸಕ್ಕೆ ಹೋಗುತ್ತೇನೆಂದಾಗ ಮಾವ ನಕ್ಕರು.

"ಹೋಗು, ಹೋಗು. ಬಕೆಟ್ ಎಲ್ಲಿಗೂ ಓಡಿ ಹೋಗುದಿಲ್ಲ. ನಿಂಗೇ ಅಂತ ಇಟ್ಟಿರ್ತೇನೆ."

ಆ ಮಾತು ನನ್ನನ್ನು ಚುಚ್ಚಿತು. ಚುಚ್ಚಿದ್ದು ಒಳ್ಳೆಯದೇ ಆಯಿತು.

ತಿರುವೊಟ್ಟಿಯೂರಿನ ಒಂದು ಕಾರ್ಖಾನೆಯ ಆಫೀಸಿನಲ್ಲಿ ನಾನು ಕೆಲಸ ಕಲಿತೆ. ಅಲ್ಲಿ ಒಂದೇ ಕೇಬಲ್ ಗೋಡೆಯುದ್ದಕ್ಕೂ ಹೋಗಿತ್ತು; ಕಂಪ್ಯೂಟರುಗಳೆಲ್ಲ ಹಗ್ಗಕ್ಕೆ ಒಣಹಾಕಿದ ಬಟ್ಟೆಯ ಹಾಗೆ ಅದಕ್ಕೇ ನೇತುಬಿದ್ದಿದ್ದವು. ಇದಕ್ಕೆ ಬಸ್ ಅನ್ನುತ್ತಾರೆ. ತುದಿಯ ಬಿರಡೆ ಸಡಿಲವಾದರೆ ಸಾಕು, ಇಡೀ ಆಫೀಸು ಮೂಕ. ಸಡಿಲವಾದ ಜಾಗ ಹುಡುಕುತ್ತ ಮೇಜಿನಡಿ ತೆವಳಿ ನನ್ನ ಮೊಣಕಾಲು ಜಡ್ಡುಗಟ್ಟಿತು. ಕೊನೆಗೆ ಅದನ್ನು ಕಿತ್ತು, ನಡುವೆ ಸ್ವಿಚ್ ಎಂಬ ಪೆಟ್ಟಿಗೆ ಇಟ್ಟು, ಅದರಿಂದ ಒಂದೊಂದು ಕಂಪ್ಯೂಟರಿಗೂ ಪ್ರತ್ಯೇಕ ಕೇಬಲ್ ಎಳೆದೆವು. ಇದು ಸ್ಟಾರ್. ಇದರಲ್ಲಿ ಒಂದು ಕೇಬಲ್ ಹೋದರೆ ಒಂದು ಮೇಜು ಮಾತ್ರ ಸುಮ್ಮನಾಗುತ್ತದೆ. ಮೊಣಕಾಲಿನಿಂದ ಕಲಿತ ಪಾಠವಾದ್ದರಿಂದ ಇವತ್ತಿಗೂ ಮರೆತಿಲ್ಲ.

ಎಷ್ಟೋ ವರ್ಷ ಇನ್ನೊಬ್ಬರ ಕೈಕೆಳಗೆ ದುಡಿದ ಮೇಲೆ ಸ್ವಂತ ಬೋರ್ಡು ಹಾಕಿದೆ. ಅದರ ಬಣ್ಣ ಒಣಗುವ ಮೊದಲೇ ಸಿಕ್ಕಿದ ಕೆಲಸ ಮಾವನದೇ. ಕೋಡಂಬಾಕ್ಕಂನಲ್ಲಿ ಅವರು ಮೂರು ಅಂತಸ್ತಿನ ಹೊಸ ಹೋಟೆಲು ಕಟ್ಟಿಸಿದ್ದರು. ಪ್ರತಿ ಅಂತಸ್ತಿನಲ್ಲೂ ಆರ್ಡರ್ ಒತ್ತುವ ಮಷೀನುಗಳು. ಒತ್ತಿದ್ದು ಕೆಳಗಿನ ಅಡುಗೆಮನೆಯಲ್ಲಿ ಚೀಟಿಯಾಗಿ ಬೀಳಬೇಕು.

ಹೊಸ ಬಣ್ಣದ ಗೋಡೆಗಳನ್ನು ಸವರುತ್ತ ಮಾವ ಕೇಳಿದರು. "ಒಂದೊಂದು ಮಷೀನಿಗೆ ಒಂದೊಂದು ಕೇಬಲ್ ಎಂತಕ್ಕೆ ಮಾರಾಯ? ಇದರಿಂದ ಅದಕ್ಕೆ, ಅದರಿಂದ ಇನ್ನೊಂದಕ್ಕೆ ಕೊಡ್ತಾ ಹೋಗ್ಲಿಕ್ಕೆ ಆಗುದಿಲ್ವಾ?"

"ಬಕೆಟನ್ನು ಉಣ್ಣುವವರ ಕೈಗೇ ಕೊಟ್ಟು, ಪಕ್ಕದವನಿಗೆ ದಾಟಿಸು ಅಂದ ಹಾಗೆ ಆಯ್ತು ಮಾವ. ನಡುವೆ ಒಬ್ಬ ಎದ್ದು ಹೋದ್ರೆ?"

"ಸರಿ. ಅಂತಸ್ತಿಗೊಂದು ಪೆಟ್ಟಿಗೆ, ಅದೂ ಸರಿ. ಕೆಳಗಿಂದ ನಡುವಿಗೆ ಒಂದು ಕೇಬಲ್, ನಡುವಿಂದ ಮೇಲಕ್ಕೆ ಒಂದು. ಅಲ್ಲಿಗೆ ಮುಗೀತಲ್ಲ. ಹಿಂದಿನ ಗೋಡೆಯಲ್ಲಿ ಮೇಲಿಂದ ಸೀದಾ ಕೆಳಗೆ ಇಳಿಸಿದ್ದೀಯಲ್ಲ, ಅದು ಎಂತದು? ಕೇಬಲ್ ಎಂತ ದೋಸೆ ಹಿಟ್ಟಾ, ಹರಡ್ತಾ ಹೋಗ್ಲಿಕ್ಕೆ?"

"ನಿಮ್ಮ ಪಂಕ್ತಿಗೆ ಇಬ್ಬರು ಎಂತಕ್ಕೆ ಮಾವ?"

ಮಾವ ನನ್ನ ಮುಖ ನೋಡಿದರು. "ನನ್ನ ಸಾಂಬಾರು ನಂಗೇ ಬಡಿಸ್ತೀಯಾ? ಆಗ್ಲಿ. ಆದ್ರೆ ಒಂದು ಮಾತು. ಶುರು ಮಾಡಿದ ದಿನ ಮಷೀನು ನಿಂತ್ರೆ, ಮರುದಿನ ಬೆಳಿಗ್ಗೆ ಬೋರ್ಡು ಇಳಿಸಿ ನೀನು ಇಲ್ಲಿ ಬಕೆಟ್ ಹಿಡಿಬೇಕು."

"ಹಿಡಿತೇನೆ," ಎಂದೆ. ಬಾಯಿಂದ ಬಂದ ಮೇಲೆ ವಾಪಸು ತೆಗೆದುಕೊಳ್ಳುವ ಜಾತಿ ನನ್ನದಲ್ಲ.

ಹೋಟೆಲು ಶುರುವಾಗುವ ಹಿಂದಿನ ದಿನ ಮಧ್ಯಾಹ್ನ ಮಾವನ ಕಣ್ಣೆದುರೇ ಆ ಮೂರನೇ ಕೇಬಲನ್ನೂ ಸಿಕ್ಕಿಸಿದೆ. ಮೂರೂ ಅಂತಸ್ತು ಬಳೆಯ ಹಾಗೆ ಸುತ್ತು ಸೇರಿತು. ಇದಕ್ಕೆ ರಿಂಗ್ ಎಂದು ಹೆಸರು. ಸೇರಿದ್ದೇ ತಡ, ಪೆಟ್ಟಿಗೆಗಳ ದೀಪಗಳೆಲ್ಲ ಹುಚ್ಚು ಹಿಡಿದಂತೆ ಮಿನುಗಿ, ಮಷೀನುಗಳೆಲ್ಲ ಕಲ್ಲಾದವು.

"ದೀಪಾವಳಿ ಇನ್ನೂ ದೂರ ಉಂಟಲ್ಲ," ಎಂದರು ಮಾವ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಡುಗೆಭಟ್ಟರು, "ಬಕೆಟ್ ತೊಳೆದಿಡ್ಲಾ?" ಎಂದರು.

ನಾನು ಪೆಟ್ಟಿಗೆಯೆದುರು ಬಗ್ಗಿದೆ. ಕಾರಣ ತಿಳಿಯಲು ಹೊತ್ತು ಹಿಡಿಯಲಿಲ್ಲ. ಎರಡು ತುದಿಯಿಂದ ಹೊರಟವರಿಗೆ ಎದುರಾದಲ್ಲಿ ನಿಲ್ಲಿ ಎಂದು ಹೇಳಿರಲಿಲ್ಲ, ಅಷ್ಟೇ. ಅದೇ ಆರ್ಡರು ಸುತ್ತಿ ಸುತ್ತಿ ಬಂದು ಬಡಿಸಿದ ಎಲೆಗೇ ಮತ್ತೆ ಬೀಳುತ್ತಿತ್ತು. ಆ ಪೆಟ್ಟಿಗೆಗಳಲ್ಲಿ ಇದಕ್ಕೊಂದು ಏರ್ಪಾಡು ಇರುತ್ತದೆ: ಬಳೆಯ ಒಂದು ಕಡೆಯನ್ನು ಮುಚ್ಚಿಟ್ಟು, ಬೇರೆಲ್ಲಾದರೂ ದಾರಿ ಕಡಿದಾಗ ಮಾತ್ರ ತಾನಾಗಿ ತೆರೆಯುತ್ತದೆ. ಮಾವನಿಗೆ ತೋರಿಸುವ ಅವಸರದಲ್ಲಿ ಅದನ್ನು ಚಾಲೂ ಮಾಡದೆಯೇ ಸಿಕ್ಕಿಸಿದ್ದೆ. ಕೇಬಲ್ ಬಿಡಿಸಿ, ಮೂರು ಪೆಟ್ಟಿಗೆಯಲ್ಲೂ ಅದನ್ನು ಚಾಲೂ ಮಾಡಿ, ಮತ್ತೆ ಸಿಕ್ಕಿಸಿದೆ. ದೀಪಗಳು ಶಾಂತವಾದವು. ಅಡುಗೆಮನೆಯಲ್ಲಿ ಮೊದಲ ಚೀಟಿ ಬಿತ್ತು.

ಮರುದಿನ ಗಣಹೋಮ ಮುಗಿಯುತ್ತಲೇ ಜನ ನುಗ್ಗಿದರು. ಮೂರೂ ಅಂತಸ್ತು ತುಂಬಿ, ಮೆಟ್ಟಿಲ ಮೇಲೂ ಸಾಲು. ಆ ಗದ್ದಲದಲ್ಲೇ ಮಾವನಿಗೆ ನಡು ಅಂತಸ್ತಿನ ಕೈತೊಳೆಯುವ ಜಾಗದಲ್ಲಿ ಕನ್ನಡಿ ಇಲ್ಲ ಎಂದು ನೆನಪಾಗಿ ಬಡಗಿಯನ್ನು ಕರೆಸಿದ್ದರು. ಸ್ವಲ್ಪ ಹೊತ್ತಿಗೆ ಆ ಬಡಗಿ ಡ್ರಿಲ್ ಹಿಡಿದುಕೊಂಡೇ ನನ್ನ ಹತ್ತಿರ ಬಂದ. ಮುಖ ಬಾಡಿತ್ತು.

"ಅಣ್ಣಾ, ತೆರಿಯಾಮ ಪಣ್ಣಿಟ್ಟೇನ್."

ಗೊತ್ತಿಲ್ಲದೆ ಅವನು ಮಾಡಿಬಿಟ್ಟದ್ದು ಏನೆಂದು ಹೋಗಿ ನೋಡಿದೆ. ಕೆಳಗಿನಿಂದ ನಡು ಅಂತಸ್ತಿಗೆ ಹೋಗುವ ಕೇಬಲ್ ಸರಿಯಾಗಿ ಎರಡು ತುಂಡು.

ಜನರನ್ನು ಸರಿಸಿಕೊಂಡು ಅಡುಗೆಮನೆಗೆ ಓಡಿದೆ. ಕಣ್ಣ ಮುಂದೆ ಬಕೆಟ್ ಬಿಟ್ಟರೆ ಬೇರೇನೂ ಇರಲಿಲ್ಲ. ಭಟ್ಟರು ಕಾವಲಿಯೆದುರು ಬೆವರು ಒರೆಸಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಚೀಟಿ ಬೀಳುತ್ತಲೇ ಇತ್ತು. ಎತ್ತಿ ನೋಡಿದೆ: ನಡು ಅಂತಸ್ತು, ಎರಡು ಮಸಾಲೆ ದೋಸೆ. ಇನ್ನೊಂದು: ಮೇಲಿನ ಅಂತಸ್ತು, ಪೊಂಗಲ್. ನಡುವಿನಿಂದ ಮೇಲಕ್ಕೆ ಹತ್ತಿ, ಹಿಂದಿನ ಗೋಡೆಯಿಂದ ಇಳಿದು, ಎಲ್ಲವೂ ಬರುತ್ತಿತ್ತು.

"ನಿನ್ನ ಮಷೀನು ಒಂದು ಗಳಿಗೆ ನಿಲ್ಸ್ತೀಯಾ ಮಾರಾಯ?" ಎಂದರು ಭಟ್ಟರು. "ಉಸಿರು ಬಿಡ್ಲಿಕ್ಕೆ ಬಿಡುದಿಲ್ಲ ಅದು."

"ನಿಲ್ಲುದಿಲ್ಲ ಭಟ್ರೇ," ಎಂದೆ. ಅಷ್ಟು ಸುಖವಾಗಿ ನಾನು ಇನ್ನಾವ ಮಾತನ್ನೂ ಆಡಿಲ್ಲ.

ಜನ ಕರಗಿದ ಮೇಲೆ ಮಾವನನ್ನು ಕರೆದುಕೊಂಡು ಹೋಗಿ ತುಂಡಾದ ಕೇಬಲ್ ತೋರಿಸಿದೆ. ಅವರು ಎರಡು ತುದಿಗಳನ್ನೂ ಬೆರಳಲ್ಲಿ ಹಿಡಿದು ನೋಡಿದರು.

"ಇದು ಯಾವಾಗ ಆದದ್ದು?"

"ನೀವು ಗಲ್ಲಾದಲ್ಲಿ ಕೂತು ಎಲ್ಲರಿಗೂ ಮೈಸೂರುಪಾಕು ಹಂಚ್ತಾ ಇದ್ದಾಗ."

"ನಂಗೆ ಗೊತ್ತೇ ಆಗ್ಲಿಲ್ಲಲ್ಲ."

"ಯಾರಿಗೂ ಗೊತ್ತಾಗ್ಲಿಲ್ಲ ಮಾವ."

ಅವರು ನನ್ನ ತೋಳು ಹಿಡಿದು ಕೆಳಗೆ ಕರೆತಂದು, ಎಲೆ ಹಾಕಿಸಿ ಕೂರಿಸಿದರು. ಬಡಿಸಲು ಬಂದವನ ಕೈಯಿಂದ ಬಕೆಟ್ ತೆಗೆದುಕೊಂಡು ತಾವೇ ಬಗ್ಗಿ ಸಾಂಬಾರು ಸುರಿದರು.

"ಮಾಧವರಂನಲ್ಲಿ ಇನ್ನೊಂದು ಜಾಗ ನೋಡಿದ್ದೇನೆ," ಎಂದರು. "ಅಲ್ಲಿಗೂ ನೀನೇ ಬರ್ಬೇಕು. ಬೋರ್ಡು ಹಾಕಿದವರಿಗೆ ಪುರುಸೊತ್ತು ಇದ್ರೆ."

"ನೋಡ್ತೇನೆ ಮಾವ," ಎಂದೆ. "ಇನ್ನು ಸ್ವಲ್ಪ ಸಾಂಬಾರು ಹಾಕಿ."

ಹಾಕಿದರು.