ಗಟ್ಟಿ ಮರ ಸಿಗುವವರೆಗೆ

ಅವರ ಬೆರಳ ತುದಿಗಳಲ್ಲಿ ಯಾವಾಗಲೂ ಒಣಗಿದ ಗೋಂದಿನ ತೆಳು ಪೊರೆ ಅಂಟಿಕೊಂಡಿರುತ್ತಿತ್ತು. ಮಾತಾಡುತ್ತ ಮಾತಾಡುತ್ತ ಅದನ್ನು ಉಗುರಿನಿಂದ ಎಬ್ಬಿಸಿ, ನೆನೆಸಿದ ಬಾದಾಮಿಯ ಸಿಪ್ಪೆಯ ಹಾಗೆ ಸುಲಿದು, ಕುರ್ತಾದ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ನೆಲಕ್ಕೆ ಬೀಳಿಸಿದ್ದನ್ನು ನಾನು ನೋಡಿಲ್ಲ.

ವುಡ್‌ಲ್ಯಾಂಡ್ಸ್‌ನ ನಮ್ಮ ಬ್ಲಾಕಿನಲ್ಲಿ ನಮಗಿಂತ ಒಂದು ಮಹಡಿ ಕೆಳಗೆ ಅವರ ಮನೆ. ನನಗೆ ಅವರು ಕೆಳಗಿನ ಮನೆ ಆಂಟಿ. ಮೈಸೂರಿನವರು. ಸಿಂಗಪುರದ ಅರ್ಧಕ್ಕರ್ಧ ಕನ್ನಡ ಹೆಂಗಸರಿಗೆ ಬ್ಲೌಸ್ ಹೊಲಿದುಕೊಟ್ಟವರು. ಒಂದು ಮಧ್ಯಾಹ್ನ ಬ್ಲೌಸ್ ತೆಗೆದುಕೊಳ್ಳಲು ಹೋದರೆ, ಹೊಲಿಗೆ ಮೆಷಿನ್ನಿನ ಪಕ್ಕ ಒಂದು ಸ್ಟೀಲ್ ಡಬ್ಬಿ ತೆರೆದಿಟ್ಟುಕೊಂಡು ಕೂತಿದ್ದರು. ಅದರಲ್ಲಿ ಕಪ್ಪಗೆ ಲಡ್ಡು ಹಿಡಿದ ಮರದ ಚೂರುಗಳು.

"ನೀನು ಸಿವಿಲ್ ಇಂಜಿನಿಯರ್ ಅಲ್ವಾ? ಇದನ್ನ ರಿಪೇರಿ ಮಾಡ್ಬಹುದಾ ಹೇಳು" ಅಂದರು.

ಗಂಡನ ಕೆಲಸದ ಜೊತೆ ಸಿಂಗಪುರಕ್ಕೆ ಬಂದು ಎರಡು ವರ್ಷದಿಂದ ಮನೆಯಲ್ಲೇ ಇದ್ದವಳು ನಾನು. ಅಷ್ಟು ದಿನಗಳಲ್ಲಿ ಯಾರೂ ನನ್ನ ಓದಿನ ಬಗ್ಗೆ ಕೇಳಿರಲಿಲ್ಲ.

ಆ ಚೂರುಗಳು ಆಂಟಿಯ ಗಂಡ, ಅಂಕಲ್‌ರ ಡೇರೆಗಾಡಿಯವು. ಊರಿಗೆ ವಾಪಸು ಹೊರಟ ಆಸ್ಟ್ರೇಲಿಯದ ಸಹೋದ್ಯೋಗಿಯೊಬ್ಬರಿಂದ ಅಂಕಲ್ ಅದನ್ನು ಕೊಂಡಿದ್ದರು. ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಚಪ್ಪಟೆ ಪೆಟ್ಟಿಗೆ ಅದು. ಹಿಡಿ ತಿರುಗಿಸಿದರೆ ಚಾವಣಿ ಮೇಲೇಳುತ್ತದೆ, ಎರಡೂ ಪಕ್ಕಕ್ಕೆ ಹಾಸಿಗೆಗಳು ಚಾಚಿಕೊಳ್ಳುತ್ತವೆ, ಸುತ್ತಲೂ ಕ್ಯಾನ್ವಾಸಿನ ಗೋಡೆ. ಸೇತುವೆಯಾಚೆ ಮಲೇಷ್ಯಾದ ಜೊಹೋರ್‌ನ ಒಬ್ಬ ತಮಿಳು ಮೆಕ್ಯಾನಿಕ್‌ನ ಶೆಡ್ಡಿನ ಪಕ್ಕ ಅದನ್ನು ನಿಲ್ಲಿಸಿದ್ದರು. ಎರಡೇ ಸಲ ಗಂಡ ಹೆಂಡತಿ ಅದರಲ್ಲಿ ಸಮುದ್ರ ತೀರಕ್ಕೆ ಹೋಗಿದ್ದು. ಆಮೇಲೆ ಅಂಕಲ್‌ಗೆ ಪಾರ್ಶ್ವವಾಯು ಆಗಿ ಬಲಗೈ ಬಲಗಾಲು ಸೋತವು. ಮಾತು ನಿಧಾನವಾಗಿ ಮರಳಿದಾಗ ಅವರು ದಿನಾ ಕೇಳುತ್ತಿದ್ದುದು ಒಂದೇ: "ಗಾಡಿ ಹೇಗಿದೆ?"

"ಚೆನ್ನಾಗಿದೆ" ಅನ್ನುತ್ತಿದ್ದರು ಆಂಟಿ, ಹೋಗಿ ನೋಡದೆಯೇ. ಎಂಟು ತಿಂಗಳಾದ ಮೇಲೆ ಮಾರಿಬಿಡೋಣವೆಂದು ಹೋದರೆ, ಚಾವಣಿಯ ಸಂದಿಯಿಂದ ಮಳೆನೀರು ಇಳಿದು ಮುಂದಿನ ಮೂಲೆಯ ಮರವೆಲ್ಲ ಕೊಳೆತಿತ್ತು. ನೋಡಲು ಬಂದವನು ಹೆಬ್ಬೆರಳಿಂದ ಒತ್ತಿದ, ಬೆರಳು ಒಳಗೇ ಹೋಯಿತಂತೆ. ಅವನು ನಕ್ಕನಂತೆ. "ಅವನು ನಕ್ಕಿದ್ದಕ್ಕೇ ಮಾರಲ್ಲ ಅಂದ್ಬಿಟ್ಟೆ ಕಣೇ" ಅಂದರು ಆಂಟಿ.

ಹೀಗೆ ಶುರುವಾಯಿತು ನಮ್ಮ ಶನಿವಾರಗಳ ಕೆಲಸ. ಬೆಳಿಗ್ಗೆ ಚಪಾತಿ ಪಲ್ಯ ಕಟ್ಟಿಕೊಂಡು ಬಸ್ ಹತ್ತುವುದು, ಸೇತುವೆ ದಾಟುವುದು, ಸಂಜೆ ಮರಳುವುದು. ಸೆಂಬವಾಂಗ್‌ನ ಪ್ಲೈವುಡ್ ಅಂಗಡಿಯವನಿಗೆ ತೋರಿಸಬೇಕೆಂದು ಒಂದು ದಿನ ಆಂಟಿ ಡಬ್ಬಿಯಲ್ಲಿ ಇನ್ನಷ್ಟು ಚೂರು ತುಂಬಿಕೊಂಡು ಬಂದರು. ಗಡಿಯ ವುಡ್‌ಲ್ಯಾಂಡ್ಸ್ ಚೆಕ್‌ಪಾಯಿಂಟಿನ ಹುಡುಗಿ ಮುಚ್ಚಳ ತೆಗೆದು ಗಾಬರಿಯಾದಳು.

"ಆಂಟಿ, ದಿಸ್ ಒನ್ ಯುವರ್ ಲಂಚ್ ಆ?"

"ನೋ ಲಾ, ದಿಸ್ ಒನ್ ಮೈ ಹಸ್ಬೆಂಡ್ಸ್ ಲವ್" ಅಂದರು ಆಂಟಿ, ಮುಖದಲ್ಲಿ ನಗುವೇ ಇಲ್ಲದೆ. ಹಿಂದೆ ನಿಂತಿದ್ದವರೆಲ್ಲ ನಕ್ಕರು.

ಅವರು ಮರದ ಕೆಲಸ ಮಾಡುತ್ತಿದ್ದುದು ದರ್ಜಿಯಂತೆಯೇ. ಕೊಳೆತ ಜಾಗದ ಮೇಲೆ ನ್ಯೂಸ್‌ಪೇಪರ್ ಹರಡಿ, ಸೀಮೆಸುಣ್ಣದಿಂದ ಅಂಚು ಗುರುತಿಸಿ, ಆ ಅಳತೆಗೆ ಹೊಸ ಪ್ಲೈವುಡ್ ಕೊಯ್ಯಿಸಿ, ಗೋಂದಿನಿಂದ ಪದರ ಜೋಡಿಸುತ್ತಿದ್ದರು. ನಾನು ಉಳಿ ಹಿಡಿದು ಹೆದರಿ ಹೆದರಿ ಕೆರೆಯುತ್ತಿದ್ದರೆ, "ಇನ್ನೂ ಹೋಗು, ಗಟ್ಟಿ ಮರ ಸಿಗೋವರೆಗೂ ಹೋಗು. ಪಾಪ ಅಂತ ಬಿಟ್ಟಿದ್ದೇ ಮತ್ತೆ ಕೊಳೆಯೋದು" ಅನ್ನುತ್ತಿದ್ದರು. ಚಾವಣಿಯ ಸಂದಿ ಮುಚ್ಚಿ, ಕೊಳೆತದ್ದನ್ನೆಲ್ಲ ತೆಗೆದ ಮೇಲೆ ಉಳಿದ ಮರ ಪೂರ್ತಿ ಒಣಗಬೇಕು. ಅದಕ್ಕೆ ಅದರ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿ ಬರುತ್ತಿದ್ದೆವು. ಮುಂದಿನ ವಾರ ಒಳಗಡೆ ಹನಿ ಕಟ್ಟಿದ್ದರೆ ಇನ್ನೂ ತೇವವಿದೆ ಎಂದರ್ಥ. ನಾಲ್ಕು ವಾರ ಹನಿ ಕಟ್ಟಿತು.

ಅಷ್ಟರಲ್ಲಿ ಅಂಕಲ್‌ರನ್ನು ಸಮುದ್ರಕ್ಕೆ ಕರೆದೊಯ್ಯುವ ದಿನ ಗೊತ್ತಾಗಿತ್ತು. ನನ್ನ ಗಂಡ ರಜೆ ಹಾಕಿದ್ದರು, ಗಾಡಿ ಎಳೆಯಲು ಮೆಕ್ಯಾನಿಕ್ ತನ್ನ ಜೀಪು ಕೊಡಲು ಒಪ್ಪಿದ್ದ. ಐದನೆಯ ವಾರ ಅಂಕಲ್‌ಗೆ ಆಸ್ಪತ್ರೆಯಲ್ಲಿ ಥೆರಪಿ ಇದ್ದುದರಿಂದ ನಾನೊಬ್ಬಳೇ ಜೊಹೋರ್‌ಗೆ ಹೋದೆ. ಪ್ಲಾಸ್ಟಿಕ್ಕಿನ ಒಳಗೆ ಸಣ್ಣ ಸಣ್ಣ ಹನಿಗಳು. ಸ್ವಲ್ಪ ಹೊತ್ತು ನೋಡಿದೆ. ಹಾಳೆ ಕಿತ್ತು, ಬಟ್ಟೆಯಿಂದ ಒರೆಸಿ, ಹೊಸ ಪ್ಲೈವುಡ್ ಕೂರಿಸಿ, ಸ್ಕ್ರೂ ಬಿಗಿದು, ಬಿಳಿ ಬಣ್ಣ ಬಳಿದುಬಿಟ್ಟೆ.

ಮರುವಾರ ಆಂಟಿ ಆ ಮೂಲೆಯನ್ನು ಅಂಗೈಯಿಂದ ಸವರಿದರು. "ಎಷ್ಟು ನೀಟಾಗಿ ಕೂರಿಸಿದ್ದೀಯೇ! ಪೂರ್ತಿ ಒಣಗಿತ್ತಾ?"

"ಒಣಗಿತ್ತು ಆಂಟಿ."

ಅವರು ಮತ್ತೆ ಕೇಳಲಿಲ್ಲ. ಮೆಕ್ಯಾನಿಕ್‌ನನ್ನು ಕರೆದು ತೋರಿಸಿದರು, ಫೋನಿನಲ್ಲಿ ಫೋಟೋ ತೆಗೆದುಕೊಂಡರು. ವಾಪಸು ಬರುವಾಗ ಬಸ್ಸು ಸೇತುವೆಯ ಮೇಲೆ ನಿಂತು ನಿಂತು ಸಾಗುತ್ತಿತ್ತು. ಅವರು ಪಕ್ಕದ ಸೀಟಿನಲ್ಲಿ ಆ ಫೋಟೋವನ್ನು ದೊಡ್ಡದು ಮಾಡಿ ಮಾಡಿ ನೋಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ಆಂಟಿ, ಒಣಗಿರ್ಲಿಲ್ಲ. ಹನಿ ಇತ್ತು. ಒರೆಸಿ ಮುಚ್ಚಿಬಿಟ್ಟೆ."

ಫೋನ್ ಕೆಳಗಿಟ್ಟರು. ಬೈಯುತ್ತಾರೆಂದು ಕಾದೆ. ಬೆರಳ ತುದಿಯ ಗೋಂದಿನ ಪೊರೆಯನ್ನು ಸುಲಿದು ಜೇಬಿಗೆ ಹಾಕಿಕೊಂಡರು. ಆಮೇಲೆ ಕೇಳಿದರು, "ನಾಳೆ ಬರ್ತೀಯಾ? ಬಿಚ್ಚೋಣ."

"ಮತ್ತೆ ಟ್ರಿಪ್ಪು?"

"ಅದನ್ನ ನಾನು ಹೇಳ್ತೀನಿ ಬಿಡು. ಹತ್ತಿರಹತ್ತಿರ ಒಂದು ವರ್ಷದಿಂದ ಸುಳ್ಳು ಹೇಳ್ಕೊಂಡು ಬಂದಿರೋಳು ನಾನು. ನಿಂದು ಒಂದು ವಾರದ್ದು."

ಮನೆಗೆ ನನ್ನನ್ನೂ ಕರೆದುಕೊಂಡು ಹೋದರು. ಅಂಕಲ್‌ರ ಕುರ್ಚಿಯ ಮುಂದೆ ಸ್ಟೂಲ್ ಹಾಕಿಕೊಂಡು ಕೂತು, ಎಲ್ಲವನ್ನೂ ಹೇಳಿದರು: ಮಾರಲು ಹೋಗಿದ್ದು, ಕೊಳೆತಿದ್ದು, ಇನ್ನೂ ಒಣಗದಿರುವುದು. ನನ್ನ ಸುಳ್ಳನ್ನು ಮಾತ್ರ ಹೇಳಲಿಲ್ಲ. ಮಾತು ಮುಗಿಯುವ ಹೊತ್ತಿಗೆ ಅಳುತ್ತಿದ್ದರು.

ಅಂಕಲ್ ಎಡಗೈ ಎತ್ತಿ ಆಂಟಿಯ ಮೊಣಕಾಲ ಮೇಲಿಟ್ಟರು. "ಗೊತ್ತಿತ್ತು. ಮಳೆ ಬಂದಾಗೆಲ್ಲ ನಿನ್ನ ಮುಖ ನೋಡ್ತಿದ್ದೆನಲ್ಲ" ಅಂದರು, ಒಂದೊಂದೇ ಪದ ಜೋಡಿಸುತ್ತ. ಆಮೇಲೆ, "ಒಣಗ್ಲಿ. ನಾನೆಲ್ಲಿ ಓಡಿಹೋಗ್ತೀನಿ" ಅಂದರು. ಆಂಟಿ ಅಳುತ್ತಲೇ ನಕ್ಕರು.

ಮರುದಿನ ನಾನು ಬಿಗಿದ ಸ್ಕ್ರೂಗಳನ್ನು ನಾನೇ ಬಿಚ್ಚಿದೆ. ಹಲಗೆಯ ಹಿಂಭಾಗ ತಣ್ಣಗೆ ಬೆವರಿತ್ತು. ಶೆಡ್ಡಿನ ಫ್ಯಾನ್ ಆ ಮೂಲೆಗೆ ತಿರುಗಿಸಿಟ್ಟು ಮತ್ತೆ ಮೂರು ವಾರ ಕಾದೆವು.

ಕೊನೆಗೂ ಹೋದೆವು. ತೀರದಲ್ಲಿ ಚಾವಣಿ ಎತ್ತುವ ಹಿಡಿಯನ್ನು ಅಂಕಲ್ ಎಡಗೈಯಿಂದಲೇ ತಿರುಗಿಸಿದರು. ಅರ್ಧ ಗಂಟೆ ಹಿಡಿಯಿತು, ಆಂಟಿ ಯಾರನ್ನೂ ಸಹಾಯಕ್ಕೆ ಬಿಡಲಿಲ್ಲ. ಬೆಳಗಿನ ಜಾವ ಜೋರು ಮಳೆ ಬಂತು. ನಾವು ಪಕ್ಕದ ಗೆಸ್ಟ್‌ಹೌಸಿನಿಂದ ಕೊಡೆ ಹಿಡಿದು ಓಡಿದರೆ, ಒಳಗೆ ಇಬ್ಬರೂ ಬೆಚ್ಚಗೆ ಕೂತು ಫ್ಲಾಸ್ಕಿನ ಕಾಫಿ ಕುಡಿಯುತ್ತಿದ್ದರು. ಮೂಲೆ ಒಣಗಿಯೇ ಇತ್ತು.

ನನ್ನಿಂದ ಕೆಲಸಕ್ಕೆ ಅರ್ಜಿ ಹಾಕಿಸಿದವರೂ ಆಂಟಿಯೇ. ಈಗ ಕಟ್ಟಡಗಳ ಸೋರಿಕೆ ಪರೀಕ್ಷಿಸುವ ಒಂದು ಸಣ್ಣ ಸಂಸ್ಥೆಯಲ್ಲಿದ್ದೇನೆ. ಬೇಗ ವರದಿ ಕೊಡಿ ಎಂದು ಮಾಲೀಕರು ಅವಸರ ಮಾಡಿದರೆ, ಇನ್ನೆರಡು ದಿನ ಬೇಕು ಎಂದು ಹೇಳುವುದನ್ನು ಕಲಿತಿದ್ದೇನೆ.

ಹೋದ ವರ್ಷ, ಯಾರೂ ಎಣಿಸದ ಹಾಗೆ, ಆಂಟಿಯೇ ಮೊದಲು ಹೋದರು. ಹೃದಯಾಘಾತ. ಅಂತ್ಯಕ್ರಿಯೆಯ ದಿನ ಕೆಳಗಿಳಿದಾಗ ಮನೆ ತುಂಬ ಜನ. ಈ ಊರಿನಲ್ಲಿ ನನ್ನನ್ನು ಎಲ್ಲರೂ ಇಂಥವರ ಹೆಂಡತಿ ಎಂದೇ ಪರಿಚಯಿಸುತ್ತಿದ್ದರು. ಅಂದೂ ಮೈಸೂರಿನಿಂದ ಬಂದಿದ್ದ ಆಂಟಿಯ ತಮ್ಮನಿಗೆ ಯಾರೋ ಹಾಗೆಯೇ ಹೇಳಿದರು. ಕುರ್ಚಿಯಲ್ಲಿ ಕೂತಿದ್ದ ಅಂಕಲ್ ತಲೆಯೆತ್ತಿ, ಎಡಗೈಯಿಂದ ನನ್ನನ್ನು ಹತ್ತಿರ ಕರೆದರು.

"ಇವಳು" ಅಂದರು ಬಾವಮೈದುನನಿಗೆ, ನಿಧಾನವಾಗಿ, "ನಿಮ್ಮಕ್ಕನ ಜೊತೆ ಕೆಲಸ ಮಾಡಿದೋಳು."