ಮಾವ ಬೈಗುಳ ನಿಲ್ಲಿಸಿದ ಚುನಾವಣೆ

ನನ್ನ ಸೋದರಮಾವ ದೇವನೂರಿನಲ್ಲಿ ಹಸು ಸಾಕಿಕೊಂಡು, ಉಳಿದ ಹೊತ್ತಿನಲ್ಲಿ ಒಂದು ಸಣ್ಣ ಪಕ್ಷದ ತಾಲ್ಲೂಕು ಅಧ್ಯಕ್ಷರಾಗಿದ್ದರು. ಪಕ್ಷದ ಸಭೆಗೆ ಅವರ ಮನೆಯ ಜಗಲಿಯೇ ಸಾಕಾಗುತ್ತಿತ್ತು. ಆದರೆ ನಂಜನಗೂಡಿನ ಬಸ್ ನಿಲ್ದಾಣದ ಪಕ್ಕ ಮೈಕು ಹಿಡಿದು ದೊಡ್ಡ ಪಕ್ಷದ ಮುಖಂಡರನ್ನು ಅವರು ಬೈಯುವ ಚಂದಕ್ಕೆ, ಬಸ್ಸು ಬಂದರೂ ಜನ ಹತ್ತುತ್ತಿರಲಿಲ್ಲ.

ಆ ಸಲ ಜಿಲ್ಲಾ ಪಂಚಾಯಿತಿ ಚುನಾವಣೆ ಹತ್ತಿರವಾದಾಗ, ಅದೇ ಮುಖಂಡರ ಜೊತೆ ಹೊಂದಾಣಿಕೆ ಮಾಡಿಕೊಳ್ಳಬೇಕೆಂದು ಮಾವ ತೀರ್ಮಾನಿಸಿದರು. ಹುಲ್ಲಹಳ್ಳಿ ಕ್ಷೇತ್ರ ತಮಗೆ ಬಿಟ್ಟುಕೊಟ್ಟರೆ ಮಿಕ್ಕ ಕಡೆಯೆಲ್ಲ ಅವರಿಗೆ ಬೆಂಬಲ. ನನ್ನ ಹತ್ತಿರ ಕಾರಿದ್ದುದರಿಂದ ನಾನೂ ನಿಯೋಗದ ಸದಸ್ಯನಾದೆ. ಟಿ. ನರಸೀಪುರದ ದಾರಿಯುದ್ದಕ್ಕೂ ಮಾವ ಹೊಗಳಿಕೆ ಅಭ್ಯಾಸ ಮಾಡಿದರು. ನಡುವೆ ಹಳೇ ಬೈಗುಳ ನುಸುಳಿದರೆ ಕೆಮ್ಮಿ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರು.

ಮುಖಂಡರ ಮನೆಯ ಹಾಲ್‌ನಲ್ಲಿ ಇನ್ನಿಬ್ಬರು ಸಣ್ಣ ಪಕ್ಷಗಳ ಅಧ್ಯಕ್ಷರು ಕಾಯುತ್ತಿದ್ದರು. ಒಬ್ಬರನ್ನೊಬ್ಬರು ನೋಡಿ ಮೂವರೂ "ಸುಮ್ಕೆ ಇಂಗೇ ಬಂದೆ" ಎಂದರು.

ಮುಖಂಡರು ಮಾವನನ್ನು ಒಳಗೆ ಕರೆದು ಕೂರಿಸಿ ಕಾಫಿ ಕೊಟ್ಟರು. ಮಾತೆಲ್ಲ ಕೇಳಿಕೊಂಡು, "ನೀವು ನಮ್ ಜೊತೆ ಸೇರ್ಬ್ಯಾಡಿ ಕಣಣ್ಣ" ಎಂದರು.

"ಯಾಕ್ ಸಾ?"

"ನಮ್ ಮ್ಯಾಲೆ ಸಿಟ್ಟಿರೋರು ನಿಮ್ ಭಾಷಣ ಕೇಳಿ ನಿಮ್ಗೇ ಓಟಾಕ್ತಾರೆ. ನೀವು ಬಯ್ದೇ ಓದ್ರೆ ಆ ಓಟೆಲ್ಲ ಎದುರು ಪಾರ್ಟಿಗೆ ಓಯ್ತವೆ. ಬ್ಯಾರೇನೆ ನಿಂತ್ಕೊಳಿ, ಚೆನ್ನಾಗಿ ಬಯ್ರಿ. ಓದ್ ಸಲ ವಸಿ ಸಪ್ಪೆಯಾಗಿತ್ತು."

ವಾಪಸು ಬರುವಾಗ ಮಾವ, "ಅಳಿಮಯ್ಯ, ಇಷ್ಟ್ ವರ್ಸ ನಾನು ಅವ್ರ್ ಪಾರ್ಟಿ ಕೆಲ್ಸಾನೇ ಮಾಡ್ದಂಗಾಯ್ತಲ್ಲ" ಎಂದರು.

ಮಾವ ಹುಲ್ಲಹಳ್ಳಿಯಿಂದ ಒಬ್ಬರೇ ನಿಂತರು. ಮೊದಲ ಸಭೆಯಲ್ಲಿ ಮೈಕು ಹಿಡಿದು ಎರಡು ಸಲ ಕೆಮ್ಮಿದರು. ಕೊನೆಗೆ, "ಆ ಮುಖಂಡ್ರು ಒಳ್ಳೆ ಮನ್ಸ. ಕಾಫಿ ಚೆನ್ನಾಗ್ ಕೊಟ್ರು" ಎಂದರು. ತಮಾಷೆಯೆಂದು ಜನ ನಕ್ಕರು. ಮುಂದಿನ ಸಭೆಗಳಲ್ಲೂ ಹೊಗಳಿಕೆಯೇ ಆದಾಗ, ಇವರೂ ಆ ಕಡೆ ಸೇರಿಕೊಂಡರೆಂದು ಜನ ಎದ್ದು ಹೋದರು.

ಮುಖಂಡರಿಂದಲೇ ಫೋನು ಬಂತು. "ಯಾಕಣ್ಣ ಇಂಗ್ ಮಾಡ್ತಿದ್ದೀರಿ? ದಮ್ಮಯ್ಯ, ಒಂದೆಲ್ಡು ಮಾತಾದ್ರೂ ಬಯ್ರಿ."

"ದೇವ್ರಂಥೋರು ನೀವು. ಬಯ್ಯಾಕೆ ನಾಲ್ಗೆ ಏಳಾಕಿಲ್ಲ ಸಾ" ಎಂದು ಮಾವ ಫೋನಿಟ್ಟರು. ಎಷ್ಟೋ ದಿನದ ಮೇಲೆ ಅವರ ಮುಖದಲ್ಲಿ ಗೆಲುವು ಕಂಡೆ.

ಹುಲ್ಲಹಳ್ಳಿ ಎದುರು ಪಕ್ಷದ ಪಾಲಾಯಿತು. ಮಾವನ ಠೇವಣಿ ಹೋಯಿತು. ಎಣಿಕೆಯ ಮಾರನೇ ದಿನ ಗೆದ್ದ ಪಕ್ಷದವರು ಹಾರ ಹಿಡಿದುಕೊಂಡು ಮಾವನ ಮನೆಗೇ ಬಂದರು. ಮಾವ ಹಾರ ಹಾಕಿಸಿಕೊಂಡು, ಎಲ್ಲರನ್ನೂ ಜಗಲಿಯ ಮೇಲೆ ಕೂರಿಸಿ, ದನಿ ತಗ್ಗಿಸಿ ಕೇಳಿದರು:

"ಮುಂದ್ಲ ಸಲ ನಮ್ಗೊಂದು ಕ್ಷೇತ್ರ ಬುಟ್ಕೊಡ್ತೀರಾ?"

ಅವರು ಒಬ್ಬೊಬ್ಬರಾಗಿ ಎದ್ದು ಚಪ್ಪಲಿ ಹುಡುಕತೊಡಗಿದರು. ಹಾಲು ಕರೆಯುವ ಹೊತ್ತಾಯಿತೆಂದು ಒಳಗಿನಿಂದ ಅತ್ತೆ ಕೂಗಿದರು.