ಎರಡು ಚಂದ್ರರಿರುವ ಲೋಕದಲ್ಲೂ

ನಾನು ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಸೂಪರ್‌ವೈಸರ್. ಹೊರಗೆ ನೆಲ ಸುಡುವ ಬಿಸಿಲು, ಮೆಣಸಿನಕಾಯಿಯ ಘಾಟು, ಚೀಲ ಹೊರುವ ಹಮಾಲರ ಕೂಗಾಟ. ಒಳಗೆ, ದಪ್ಪ ಬಾಗಿಲಿನ ಆಚೆ, ಸ್ವೆಟರ್ ಇಲ್ಲದೆ ನಿಲ್ಲಲಾಗದ ಚಳಿ. ಇಡೀ ದಿನ ಈ ಎರಡರ ನಡುವೆ ಓಡಾಡುವವನಿಗೆ ಬೇರೆ ಗ್ರಹದ ಕಥೆ ಹೊಳೆಯುವುದು ದೊಡ್ಡ ಮಾತೇನಲ್ಲ.

ನನಗೆ ಹೊಳೆದ ಲೋಕದಲ್ಲಿ ಎರಡು ಚಂದ್ರರು, ಮುಗಿಯದ ಚಳಿ. ಬಿಸಿಲು ಬೀಳುವ ಕೆಲವೇ ದಿನಗಳಲ್ಲಿ ಅಲ್ಲಿನ ಜನ ಅದನ್ನು ಕಾಳಿನ ಹಾಗೆ ಕೂಡಿಟ್ಟುಕೊಳ್ಳುತ್ತಾರೆ. ಆ ಬಿಸಿಲಿನ ಉಗ್ರಾಣವನ್ನು ಇಬ್ಬರು ಗಂಡಸರು ಕಾಯುತ್ತಾರೆ. ಅವರು ಒಬ್ಬರನ್ನೊಬ್ಬರು ಪ್ರೀತಿಸುತ್ತಾರೆ. ಆ ಲೋಕದಲ್ಲಿ ಅದು ಯಾರಿಗೂ ಸುದ್ದಿಯಲ್ಲ.

ಇದನ್ನು ಬರೆಸಿದವನು ನನ್ನ ಗೆಳೆಯ. ಊರಿಗೆ ಹೇಳುವಾಗ ಗೆಳೆಯ ಎನ್ನುತ್ತಿದ್ದೆವು. ನಮ್ಮಿಬ್ಬರ ಮಟ್ಟಿಗೆ ಆ ಮಾತು ತೀರಾ ಚಿಕ್ಕದಾಗಿತ್ತು. ಅವನು ರಾಣೇಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿದ್ದ. ರೈತರ ಹೊಲಗಳಿಗೆ ಹೋಗಿ, ಹೂವಿನ ಪರಾಗವನ್ನು ಕೈಯಿಂದಲೇ ಇನ್ನೊಂದು ಹೂವಿಗೆ ಮುಟ್ಟಿಸುವ ಹೆಣ್ಣುಮಕ್ಕಳ ಕೆಲಸ ನೋಡಿಕೊಳ್ಳುವುದು ಅವನ ಉದ್ಯೋಗ. ಬೀಜದ ಚೀಲಗಳನ್ನು ನಮ್ಮಲ್ಲಿ ಇಡಲು ಬಂದಾಗ ಪರಿಚಯವಾದದ್ದು. ರವಿವಾರ ಬಂದರೆ ಇಬ್ಬರೂ ಬೈಕಿನಲ್ಲಿ ಗಳಗನಾಥಕ್ಕೆ ಹೋಗಿ, ಹೊಳೆಯ ದಂಡೆಯಲ್ಲಿ ಕೂರುತ್ತಿದ್ದೆವು. ವರದಾ ಬಂದು ತುಂಗಭದ್ರೆಯನ್ನು ಸೇರುವುದನ್ನು ತೋರಿಸಿ ಅವನೊಮ್ಮೆ ಹೇಳಿದ್ದ: "ಎರಡೂ ಹೊಳಿ ಹೆಣ್ಣ. ಕೂಡಿ ಹರಿಯಾಕ ಯಾರ ಅಪ್ಪಣಿ ಕೇಳ್ಯಾವು ನೋಡು."

ಅವನು ಸಣ್ಣಂದಿನಿಂದಲೂ ಮಾಯಾಲೋಕದ ಕಥೆ, ಗ್ರಹಗಳ ಕಥೆ ಎಂದರೆ ಊಟ ಬಿಡುತ್ತಿದ್ದವನು. ಓದಿ ಓದಿ ಅವನಿಗೊಂದು ಸಿಟ್ಟು ಬೆಳೆದಿತ್ತು.

"ಹಾರೋ ಕುದುರಿ ಐತಿ, ಮಾತಾಡೋ ಗಿಡ ಐತಿ. ನಮ್ಮಂಥಾವ್ರು ಬಂದ್ರ ಒಂದು ನಗಸಾಕ ಬರ್ತಾರ, ಇಲ್ಲಾ ಸಾಯಾಕ ಬರ್ತಾರ. ಇಲ್ಲಾಂದ್ರ ಯಾರದೋ ಶಾಪ ಇರ್ತೈತಿ, ಕಡೀಕ ಶಾಪ ಇಳದು ನೆಟ್ಟಗಾಗ್ತಾರ. ನೀ ಬರಿ. ಇಬ್ಬರನ್ನೂ ಬದುಕಸು."

ಬರೆದೆ. ಅವನು ಓದಿದ. ಮರುದಿನ ಫೋನ್ ಮಾಡಿ, "ಇನ್ನೊಮ್ಮೆ ಓದಿದೆ" ಎಂದಷ್ಟೇ ಹೇಳಿದ.

ರಾಣೇಬೆನ್ನೂರಿನಿಂದ ವರ್ಷಕ್ಕೊಮ್ಮೆ ಹೊರಡುವ ಒಂದು ವಿಶೇಷ ಸಂಚಿಕೆಗೆ ಕಥೆ ಕಳಿಸಿದೆ. ಸಂಪಾದಕರು ನಿವೃತ್ತ ಮಾಸ್ತರರು, ಸಜ್ಜನರು, ಹೊಸಬರಿಗೆ ಪ್ರೋತ್ಸಾಹ ಕೊಡುವವರು ಎಂದು ಹೆಸರು. ಕಥೆ ಸ್ವೀಕಾರವಾಯಿತು. ಸಂಚಿಕೆ ಮನೆಗೆ ಬಂದ ದಿನ ಪುಟ ತೆರೆದರೆ ಮೊದಲು ಕಂಡದ್ದು ಚಿತ್ರ. ಎರಡು ಚಂದ್ರರ ಕೆಳಗೆ ಒಬ್ಬ ಗಂಡಸು. ಅವನ ಪಕ್ಕದಲ್ಲಿ, ಅಂತರಿಕ್ಷದ ಉಡುಪಿನಲ್ಲಿ, ಉದ್ದ ಜಡೆಗೆ ಮಲ್ಲಿಗೆ ಮುಡಿದ ಹೆಂಗಸು. ಕೆಳಗೆ ಓದಿದೆ. ನಾನು "ನಕ್ಕನು" ಎಂದು ಬರೆದಲ್ಲಿ "ನಕ್ಕಳು" ಇತ್ತು. "ಅವನ ಅಂಗೈ" ಎಂದಿದ್ದಲ್ಲಿ "ಅವಳ ಅಂಗೈ". ಉಳಿದ ಒಂದು ಅಕ್ಷರವನ್ನೂ ಮುಟ್ಟಿರಲಿಲ್ಲ. ಅದೇ ವಾಕ್ಯಗಳು, ಅದೇ ಚಳಿ, ಅದೇ ಮುಗಿತಾಯ. ನನ್ನ ಕಥೆ ನನ್ನನ್ನೇ ಗುರುತು ಹಿಡಿಯದೆ ಎದುರಿಗೆ ಕೂತಿತ್ತು.

ನನಗಿಂತ ಮೊದಲು ನನ್ನ ತಂಗಿ ಅದನ್ನು ಅವ್ವನಿಗೆ ಗಟ್ಟಿಯಾಗಿ ಓದಿ ಹೇಳಿದ್ದಳು. ಅವ್ವ ಹಿಗ್ಗಿ ಹೋಗಿದ್ದಳು. "ಹುಡುಗಿ ಯಾರೋ? ಮನಸಿನಾಗ ಇದ್ದವರನ್ನ ಬರೀತಾರಂತ. ಹೇಳು, ಹೋಗಿ ಕೇಳಿ ಬರ್ತೇವಿ. ಜಾತಿ ಬ್ಯಾರೆ ಇದ್ರೂ ನಡೀತೈತಿ ಈಗ."

ಜಾತಿ ಬೇರೆಯಾದರೂ ನಡೆಯುತ್ತದೆ ಎಂಬ ಮಾತು ಅವ್ವನ ಬಾಯಿಂದ ಬಂದದ್ದು ಅದೇ ಮೊದಲ ಸಲ. ಆ ಔದಾರ್ಯವನ್ನು ಕೇಳಿ ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಗೆಳೆಯ ಆ ಸಂಜೆಯೇ ಬಂದ. ಸಂಚಿಕೆ ಅವನ ಕೈಯಲ್ಲಿತ್ತು. "ನೀನ ಬದಲ್ ಮಾಡಿ ಕೊಟ್ಟಿಯೇನು?" ಎಂದು ಕೇಳಿದ. ಫೋನಿನಲ್ಲಿದ್ದ ಮೂಲ ಕಥೆಯನ್ನು, ಅದನ್ನು ಕಳಿಸಿದ್ದನ್ನು ತೋರಿಸಿದೆ. ನಂಬಿದ. ಆದರೆ ಕೂರಲಿಲ್ಲ. "ಮನಿಯಾಗ ಸುಳ್ಳ ಹೇಳತೇವಿ, ಕೆಲಸದಾಗ ಸುಳ್ಳ ಹೇಳತೇವಿ. ಇದೊಂದ ಜಾಗಾ ಇತ್ತು ನಮಗ. ಅದನ್ನೂ ಕಸಗೊಂಡ್ರು" ಎಂದವನು ಬೈಕು ಹತ್ತಿ ಹೋಗೇಬಿಟ್ಟ.

ಮರುದಿನ ರಜೆ ಹಾಕಿ ಸಂಪಾದಕರ ಮನೆಗೆ ಹೋದೆ. ಸಂತೋಷದಿಂದಲೇ ಬರಮಾಡಿಕೊಂಡರು.

"ಬರ್ರಿ, ಕುಂದ್ರಿ. ನಿಮ್ಮ ಕಥಿ ಭಾಳ ಮಂದಿ ಮೆಚ್ಯಾರ ನೋಡ್ರಿ."

"ಸರ್, ನಾ ಬರದದ್ದರಾಗ ಇಬ್ಬರೂ ಗಂಡಸರು ಇದ್ರು."

"ಗೊತ್ತೈತ್ರಿ. ಅದಕ್ಕ ತಿದ್ದೇನಿ. ಭಾಳೇನಿಲ್ಲ, 'ನು' ಇದ್ದಲ್ಲಿ 'ಳು' ಹಾಕೇನಿ, ಅಷ್ಟ. ನಿಮ್ಮ ಒಂದು ವಾಕ್ಯಾನೂ ಕೆಡಿಸಿಲ್ಲ."

"ಯಾಕ ತಿದ್ದಿದ್ರಿ?"

"ಓದೋರು ನಂಬಬೇಕಲ್ರಿ."

"ಎರಡು ಚಂದ್ರ ಅದಾರ ಅಂದ್ರ ನಂಬ್ತಾರ. ಬಿಸಲ ಚೀಲದಾಗ ತುಂಬತಾರ ಅಂದ್ರ ನಂಬ್ತಾರ. ಇದನ್ನ ಯಾಕ ನಂಬೂದಿಲ್ಲರಿ?"

ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಖರೇ ಹೇಳ್ಲ್ಯಾ? ಅವೆಲ್ಲಾ ಸುಳ್ಳ ಅಂತ ಎಲ್ಲಾರಿಗೂ ಗೊತ್ತೈತಿ, ಅದಕ್ಕ ಖುಷಿಲೆ ಓದ್ತಾರ. ಇದು ಸುಳ್ಳಲ್ಲ ಅಂತನೂ ಗೊತ್ತೈತಿ. ಅದಕ್ಕ ಸಿಟ್ಟಾಗ್ತಾರ." ಆಮೇಲೆ ಏನೋ ಹೊಳೆದವರಂತೆ ಮುಖ ಅರಳಿಸಿದರು. "ಹಿಂಗ ಮಾಡ್ರಿ. ಮುಂದಿನ ಸಲ ಒಬ್ಬನ್ನ ಯಂತ್ರಮಾನವ ಮಾಡ್ರಿ. ಹಂಗಾದ್ರ ಛಾಪಸ್ತೇನಿ."

ಅವರ ಮನಸ್ಸಿನಲ್ಲಿ ಕೆಡುಕಿರಲಿಲ್ಲ. ಕಬ್ಬಿಣದ ಮನುಷ್ಯನನ್ನು ಪ್ರೀತಿಸಬಹುದು, ಮಾಂಸದ ಮನುಷ್ಯನನ್ನಲ್ಲ ಎಂಬುದು ಅವರಿಗೆ ರಾಜಿಯ ಸೂತ್ರವಾಗಿ ಕಂಡಿತ್ತು. ಚಹಾ ತರಿಸಿದರು. ಕುಡಿದೆ.

ಕೆಲವು ತಿಂಗಳ ನಂತರ ಹಾವೇರಿಯಲ್ಲಿ ಒಂದು ಸಾಹಿತ್ಯ ಗೋಷ್ಠಿ. ವಿಜ್ಞಾನ ಕಥೆಗಳ ಬಗ್ಗೆ ನಾನೂ ನಾಲ್ಕು ಮಾತು ಆಡಬೇಕೆಂದು ಕರೆ ಬಂತು. ಗೆಳೆಯ ತಾನೂ ಬರುತ್ತೇನೆಂದ. ಎಂದಿನಂತೆ ಬೇರೆ ಬೇರೆ ಕೂತೆವು. ಅವನು ಹಿಂದಿನ ಸಾಲಿನಲ್ಲಿ. ಅಧ್ಯಕ್ಷರು ನನ್ನ ಕಥೆಯನ್ನು ಹೊಗಳುತ್ತ, "ಹಿಮದಲ್ಲಿ ನಿಂತು ಪತಿಗಾಗಿ ಕಾಯುವ ಆ ಕಥಾನಾಯಕಿಯಲ್ಲಿ ನಮ್ಮ ನಾರಿಯರ ತ್ಯಾಗವನ್ನು ಕಾಣುತ್ತೇವೆ" ಎಂದರು. ಸಭೆ ತಲೆಯಾಡಿಸಿತು.

ನನ್ನ ಸರದಿ ಬಂದಾಗ ಬರೆದುಕೊಂಡು ಹೋದ ಭಾಷಣವನ್ನು ಮಡಚಿ ಜೇಬಿಗಿಟ್ಟೆ. "ಅಕಿ ಅಲ್ರಿ, ಅಂವ. ನಾ ಬರದದ್ದು ಇಬ್ಬರು ಗಂಡಸರ ಪ್ರೀತಿ ಕಥಿ. ನನ್ನ ಕೇಳದ ತಿದ್ದ್ಯಾರ. ಯಾಕ ಬರದಿ ಅಂದ್ರ, ನಾನೂ ಹಂಗ ಅದೇನಿ, ಅದಕ್ಕ" ಎಂದೆ. ಮುಂದಿನ ಸಾಲಿನವರು ಅಧ್ಯಕ್ಷರ ಕಡೆ ನೋಡಿದರು. ಅಧ್ಯಕ್ಷರು ನಗುನಗುತ್ತ ಮೈಕಿಗೆ ಕೈ ಚಾಚಿದರು: "ಏನೋ ಮುದ್ರಣದೋಷ ಆಗೈತಿ ಅಂತ ಕಾಣ್ತೈತಿ. ಲೇಖಕರು ಅದನ್ನ ತಮಾಷಿ ಮಾಡಿ ಹೇಳಾಕತ್ತಾರ." ಸಭೆಗೆ ಜೀವ ಬಂತು. ಎಲ್ಲರೂ ನಕ್ಕರು.

ಆ ನಗುವಿನ ನಡುವೆ ಹಿಂದಿನ ಸಾಲಿನಿಂದ ಚಪ್ಪಾಳೆ ಕೇಳಿಸಿತು. ಅವನು ಎದ್ದು ನಿಂತಿದ್ದ. ಒಬ್ಬನೇ ತಟ್ಟುತ್ತಿದ್ದ. ನಗು ನಿಂತ ಮೇಲೂ ತಟ್ಟುತ್ತಿದ್ದ. ತಲೆಗಳು ಒಂದೊಂದಾಗಿ ಅವನ ಕಡೆ ತಿರುಗಿದವು. ಅವುಗಳಲ್ಲಿ ರಾಣೇಬೆನ್ನೂರಿನ ಬೀಜದಂಗಡಿಯವರವೂ ಇದ್ದವು. ಅವನನ್ನು ಚೆನ್ನಾಗಿ ಬಲ್ಲವರು. ನಾನು ಅಷ್ಟು ದೂರದಿಂದ ಅವನ ಮುಖ ನೋಡಿದೆ. ಅಷ್ಟು ಚೆಂದ ಅವನು ಯಾವತ್ತೂ ಕಂಡಿರಲಿಲ್ಲ.

ನನ್ನನ್ನು ಯಾರೂ ಬಡಿಯಲಿಲ್ಲ, ಕೆಲಸದಿಂದ ತೆಗೆಯಲಿಲ್ಲ. ಮಾಲೀಕರು ಕರೆದು, "ಕೆಲಸ ಚಲೋ ಮಾಡ್ತಿ, ಇರು. ಮೈಕ್ ಮಾತ್ರ ಹಿಡೀಬ್ಯಾಡ" ಎಂದರು. ಆದರೆ ಮೊದಲು ನನ್ನ ಜೊತೆ ಒಬ್ಬೊಬ್ಬರೇ ಚಳಿಕೋಣೆಗೆ ಬರುತ್ತಿದ್ದ ಹಮಾಲರು ಈಗ ಇಬ್ಬರಿಬ್ಬರು ಬರುತ್ತಾರೆ.

ಅವನಿಗೆ ಹೆಚ್ಚು ಪೆಟ್ಟು ಬಿತ್ತು. ಹೊಲಕ್ಕೆ ಹೋದರೆ ಹೂವಿನ ಕೆಲಸದ ಹೆಣ್ಣುಮಕ್ಕಳು ಬಾಯಿಗೆ ಸೆರಗು ಹಚ್ಚಿ ನಗುತ್ತಿದ್ದರು. ಐರಣಿಯಲ್ಲಿ ಒಬ್ಬ ರೈತ, ಇನ್ನು ಬೇರೆಯವರನ್ನು ಕಳಿಸಿರಿ ಎಂದು ಕಂಪನಿಗೆ ಫೋನ್ ಮಾಡಿದ. ಅವನು ತಾನೇ ಕೇಳಿ ಬೇರೆ ಜಿಲ್ಲೆಗೆ ವರ್ಗ ಮಾಡಿಸಿಕೊಂಡ.

"ನನ್ನಿಂದ ಹಿಂಗಾತು" ಎಂದೆ.

"ನಿನ್ನಿಂದ ಅಲ್ಲ. ಚಪ್ಪಾಳಿ ನಂದು" ಎಂದ. ಬಸ್ಸು ಹತ್ತುವಾಗ ಕೈ ಕೊಡಲಿಲ್ಲ; ಸುತ್ತ ಪರಿಚಯದವರಿದ್ದರು. ಮೊದಮೊದಲು ದಿನಾ ಫೋನು, ಆಮೇಲೆ ಹಬ್ಬಕ್ಕೆ. ಈಗ ನಾನು ಮಾಡಿದರೆ ಎತ್ತುತ್ತಾನೆ, ಮಳೆ ಬೆಳೆ ಮಾತಾಡುತ್ತಾನೆ, ಇಡುತ್ತಾನೆ.

ಅವ್ವನಿಗೆ ಸುದ್ದಿ ಯಾರು ಮುಟ್ಟಿಸಿದರೋ ಗೊತ್ತಿಲ್ಲ. ಅವಳು ಹುಡುಗಿಯ ಮಾತು ಎತ್ತುವುದನ್ನು ಬಿಟ್ಟಳು. ಒಂದು ಮಧ್ಯಾಹ್ನ ಊಟವಾದ ಮೇಲೆ, ನೀನು ಮೊದಲು ಬರೆದದ್ದನ್ನು ಓದು ಎಂದಳು. ತಂಗಿ ಓದುವುದು ಬೇಡ, ನೀನೇ ಓದು ಎಂದಳು. ಫೋನು ತೆಗೆದು ಓದತೊಡಗಿದೆ. ನಡುವೆ ನಿಲ್ಲಿಸಿದಾಗಲೆಲ್ಲ "ಹೂಂ, ಮುಂದ" ಎನ್ನುತ್ತಿದ್ದಳು. ಉಗ್ರಾಣದ ಬಾಗಿಲಲ್ಲಿ ಒಬ್ಬ ಇನ್ನೊಬ್ಬನ ಹೆಪ್ಪುಗಟ್ಟಿದ ಕೈಗಳನ್ನು ತನ್ನ ಕಂಕುಳಲ್ಲಿ ಇಟ್ಟುಕೊಳ್ಳುವಲ್ಲಿ ಅವಳ ಕಣ್ಣು ತುಂಬಿತು. ನನ್ನೊಳಗೆ ಏನೋ ಆಸೆ ಎದ್ದು ಕೂತಿತು. ಕೊನೆಯ ಸಾಲಿನ ತನಕ ಕೇಳಿದಳು.

ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದಳು. "ಛಾಪಿಸಿದ್ರಲ್ಲ, ಹುಡುಗಿ ಇದ್ದದ್ದು, ಅದ ಚಲೋ ಐತಪಾ. ಅದ ಇರ್ಲಿ" ಎಂದು ಹೇಳಿ, ಉಂಡ ತಾಟುಗಳನ್ನು ಎತ್ತಿಕೊಂಡು ಒಳಗೆ ಹೋದಳು.